ಗಂಜಿ ಹವಾಲ್ದಾರರ ಉಪ್ಪು

ನಮ್ಮಜ್ಜ ತೀರಿಕೊಂಡಾಗ ಬೀದಿಯವರೆಲ್ಲ ಬಂದು "ಯುದ್ಧ ಕಂಡ ಜೀವ, ಎಂಥಾ ಧೀರ" ಎಂದು ಹೇಳಿ ಹೋದರು. ಹೇಳಲಿ ಪಾಪ, ಸತ್ತವರ ಮನೆಯಲ್ಲಿ ನಾಲ್ಕು ಒಳ್ಳೆಯ ಮಾತಾಡದೆ ಇನ್ನೆಲ್ಲಿ ಆಡುತ್ತಾರೆ? ಆದರೆ ಇವೇ ಬಾಯಿಗಳು ಅವನು ಬದುಕಿದ್ದಷ್ಟು ಕಾಲ ಅವನನ್ನು ಕರೆದದ್ದು ಗಂಜಿ ಹವಾಲ್ದಾರ ಎಂದು. ಎದುರಿಗೆ ಸಿಕ್ಕರೆ "ಏನ್ ಹವಾಲ್ದಾರ್ರೇ, ಆರಾಮಾ?" ಬೆನ್ನು ತಿರುಗಿಸಿದರೆ ಗಂಜಿ. ಅಜ್ಜನಿಗೆ ಇದು ಚೆನ್ನಾಗಿ ಗೊತ್ತಿತ್ತು. "ಬೆನ್ನ ಹಿಂದೆ ಆಡೋ ಮಾತಿಗೆಲ್ಲಾ ತಿರುಗಿ ತಿರುಗಿ ನೋಡ್ತಿದ್ರೆ ಕತ್ತು ಉಳುಕುತ್ತೆ" ಎನ್ನುತ್ತಿದ್ದ.

ನಾನು ಅವನ ಮೊಮ್ಮಗಳು, ಬಸ್ ಕಂಡಕ್ಟರ್. ಬೆಳಗಿನಿಂದ ಸಂಜೆಯವರೆಗೆ "ಒಳಗೆ ಹೋಗ್ರೀ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಹಸೀ ಸುಳ್ಳು ಹೇಳಿ ಸಂಬಳ ತೆಗೆದುಕೊಳ್ಳುವವಳು. ಆದ್ದರಿಂದ ಮೂಗು ಒರೆಸಿಕೊಳ್ಳುತ್ತಾ ಮೆಲುದನಿಯಲ್ಲಿ ನೆನಪು ಮಾಡಿಕೊಳ್ಳುವುದು ನನ್ನಿಂದ ಆಗದು. ನನಗೆ ಬಾಯಿಬಡುಕಿ ಎಂದು ಹೆಸರಿಟ್ಟವನೂ ಅವನೇ. ಇಟ್ಟ ಮೇಲೆ ಕೇಳಿಸಿಕೊಳ್ಳಲಿ.

ಅಜ್ಜ ಸೈನ್ಯ ಸೇರಿದ್ದು ಬಂದೂಕು ಹಿಡಿಯಬೇಕೆಂದು. ಸೇರಿದ ಮೊದಲ ವಾರ ಧೋ ಎಂದು ಮಳೆ. ಹೊಸ ಹುಡುಗರನ್ನೆಲ್ಲ ಬಯಲಲ್ಲಿ ಸಾಲಾಗಿ ನಿಲ್ಲಿಸಿ, ಮೇಲಿನವನೊಬ್ಬ "ಅಡುಗೆ ಬರೋರು ಒಂದು ಹೆಜ್ಜೆ ಮುಂದೆ ಬನ್ನಿ" ಎಂದನಂತೆ. ಅಜ್ಜನಿಗೆ ನೀರು ಕಾಯಿಸುವುದೂ ಸರಿಯಾಗಿ ಬರುತ್ತಿರಲಿಲ್ಲ. ಆದರೆ ಅಷ್ಟು ದೊಡ್ಡ ಬಯಲಿನಲ್ಲಿ ಸೂರು ಇದ್ದದ್ದು ಅಡುಗೆಮನೆಗೆ ಮಾತ್ರ. ಬಾಯಲ್ಲಿ ಏನೂ ಹೇಳದೆ ಒಂದು ಹೆಜ್ಜೆ ಮುಂದೆ ಬಂದ. ನಮ್ಮ ಮನೆಯ ಹಣೆಬರಹ ಆವತ್ತೇ ಬರೆದುಹೋಯಿತು.

ಅವನನ್ನು ಕಳಿಸಿದ್ದು ಮೋಡಕ್ಕಿಂತ ಮೇಲಿದ್ದ ಒಂದು ಬೆಟ್ಟದ ಠಾಣೆಗೆ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿಗೆ ಕಾವು ಸಾಲದು. ಎಷ್ಟು ಬೇಯಿಸಿದರೂ ಬೇಳೆ ಬೇಯುವುದಿಲ್ಲ. "ಇಲ್ಲಿ ನಿನ್ನ ಬೇಳೆ ಬೇಯಲ್ಲ" ಎಂದು ನಾವೆಲ್ಲ ಬಾಯಿಮಾತಿಗೆ ಅನ್ನುತ್ತೇವೆ, ನಮ್ಮಜ್ಜ ಅದನ್ನು ಸೌಟು ಹಿಡಿದು ಅನುಭವಿಸಿದ. ಮೊದಲ ದಿನ ಅವನು ಬಡಿಸಿದ ಕಾಳನ್ನು ಕಡಿದ ಸಿಪಾಯಿಯೊಬ್ಬನ ಮುಂದಿನ ಹಲ್ಲು ಲಟಕ್ಕನೆ ಮುರಿದು ತಟ್ಟೆಗೆ ಬಿತ್ತು. ಆ ಸಿಪಾಯಿಗೆ ಹಲ್ಲುಮುರುಕ ಎಂಬ ಹೆಸರು ಬಂತು, ಅಜ್ಜನಿಗೆ ಜೀವಮಾನಕ್ಕಾಗುವಷ್ಟು ಭಯ ಬಂತು. ಅಂದಿನಿಂದ ಹೊತ್ತು ಹುಟ್ಟುವಾಗ ಒಲೆಗೆ ಏರಿಸಿದ್ದನ್ನು ಹೊತ್ತು ಮುಳುಗುವಾಗ ಇಳಿಸುವುದೇ ಅವನ ಅಡುಗೆಯಾಯಿತು. ಕೊನೆಗೆ ಹವಾಲ್ದಾರನಾದರೂ ಸೌಟು ಮಾತ್ರ ಬಿಡಲಿಲ್ಲ.

ನಾವು ಮಕ್ಕಳು ಸುತ್ತ ಕೂತು "ಅಜ್ಜಾ, ಯುದ್ಧದಲ್ಲಿ ನೀನೇನು ಮಾಡ್ದೆ?" ಎಂದು ಕೇಳಿದರೆ ಎದೆ ಉಬ್ಬಿಸಿ, "ಈರುಳ್ಳಿ ಹೆಚ್ಚಿದೆ. ನಾನು ಅಲ್ಲಿ ಅತ್ತದ್ದು ಅದಕ್ಕೊಂದಕ್ಕೇ" ಎನ್ನುತ್ತಿದ್ದ. ಇದಕ್ಕಿಂತ ಹೆಚ್ಚು ಒಂದಕ್ಷರ ಹೊರಡುತ್ತಿರಲಿಲ್ಲ.

ನಿವೃತ್ತನಾಗಿ ಮನೆಗೆ ಬಂದವನು ಒಂದು ಟ್ರಂಕು, ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಹಂಡೆ, ತೋಳುದ್ದದ ಸೌಟು ತಂದ. ಬೂಟು ಬಿಚ್ಚಿದವನೇ ಅಡುಗೆಮನೆಗೆ ಹೋಗಿ ಅಜ್ಜಿಯ ಕೈಯಿಂದ ಚಾಕು ತೆಗೆದುಕೊಂಡು, "ಇಷ್ಟು ವರ್ಷ ಒಬ್ಬಳೇ ಕಷ್ಟಪಟ್ಟಿದ್ದೀಯ. ಇನ್ಮೇಲೆ ನೀನು ಆರಾಮಾಗಿರು" ಎಂದ. ಪಾಪ, ಹೆಂಡತಿಗೆ ಉಡುಗೊರೆ ಕೊಡುತ್ತಿದ್ದೇನೆಂದೇ ಅವನ ನಂಬಿಕೆ.

"ನಾನು ಆರಾಮ ಕೇಳಿದ್ನಾ?" ಎಂದಳು ಅಜ್ಜಿ.

ಗಂಡ ಬೆಟ್ಟದ ಮೇಲಿದ್ದಾಗ ಮೂರು ಮಕ್ಕಳನ್ನು, ಅತ್ತೆಯನ್ನು, ಬಂದು ಹೋಗುವ ನೆಂಟರನ್ನು ಆ ಒಂದು ಒಲೆಯಿಂದ ಸಾಕಿದವಳು ಅವಳು. ಆ ಕೋಣೆಯಲ್ಲಿ ಅವಳ ಮಾತು ಮೀರಿ ಒಂದು ಚಮಚ ಅಲುಗುತ್ತಿರಲಿಲ್ಲ. ಈಗ ಈ ಮನುಷ್ಯ ಬಂದು ಆರಾಮಾಗಿರು ಎಂದರೆ? ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪಡಸಾಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನು ಎಳೆದು ತಂದು ಅಡುಗೆಮನೆಯ ಹೊಸ್ತಿಲಿಗೆ ಸರಿಯಾಗಿ ಹಾಕಿಕೊಂಡು ಕೂತಳು. ಮೂವತ್ತು ವರ್ಷ ಕೂತಳು. ಒಳಗೆ ಹೋಗುವವರು ಅವಳ ಮೊಣಕಾಲು ದಾಟಿಕೊಂಡೇ ಹೋಗಬೇಕಿತ್ತು. ಅಲ್ಲಿಂದ ಅಜ್ಜನ ಕೈಯನ್ನೇ ನೋಡುತ್ತಾ ತಪ್ಪು ಹುಡುಕುವುದು ಅವಳ ಹೊಸ ಉದ್ಯೋಗವಾಯಿತು.

ತಪ್ಪಿಗೇನು ಬರ? ಬೆಟ್ಟ ಇಳಿದು ಬಂದರೂ ಅಜ್ಜ ಬೇಳೆಯನ್ನು ಬೆಟ್ಟದ ಲೆಕ್ಕದಲ್ಲೇ ಬೇಯಿಸುತ್ತಿದ್ದ. ಬೇಳೆ, ಆಲೂಗಡ್ಡೆ, ಬೀನ್ಸು, ಎಲ್ಲವೂ ಕರಗಿ ಒಂದೇ ಜಾತಿಯಾಗುತ್ತಿತ್ತು. ತಟ್ಟೆಯಲ್ಲಿ ಯಾವುದು ಯಾವುದೆಂದು ಬಣ್ಣ ನೋಡಿ ಹೇಳಬೇಕು. ಹಲ್ಲು ಬರದ ಮಗುವಿಗೂ ಹಲ್ಲು ಉದುರಿದ ಮುದುಕರಿಗೂ ನಮ್ಮ ಮನೆಯಲ್ಲಿ ಒಂದೇ ಊಟ. ಸಾಲದ್ದಕ್ಕೆ, ಅವನಿಗೆ ಕಡಿಮೆ ಮಾಡುವುದು ಗೊತ್ತೇ ಇರಲಿಲ್ಲ. ಆರು ಜನರ ಮನೆಗೆ ಅರವತ್ತು ಜನರ ಅಡುಗೆ. ಮಿಕ್ಕದ್ದು ಪಕ್ಕದ ಮನೆಗೆ, ಎದುರಿನ ಗ್ಯಾರೇಜಿಗೆ, ಪೋಸ್ಟ್‌ಮ್ಯಾನ್‌ಗೆ. ಬೀದಿಯವರು ಗಂಜಿ ಹವಾಲ್ದಾರ ಎಂದು ನಗುತ್ತಲೇ ಪಾತ್ರೆ ಹಿಡಿದು ಬರುತ್ತಿದ್ದರು.

"ರೀ, ನೀವು ಬೆಟ್ಟ ಇಳಿದಾಯ್ತು ಅಂತ ಬೇಳೆಗೂ ಗೊತ್ತಾಗಿದೆ. ನಿಮಗೊಬ್ರಿಗೇ ಗೊತ್ತಾಗಿಲ್ಲ" ಎನ್ನುವಳು ಕುರ್ಚಿಯಿಂದ ಅಜ್ಜಿ.

"ಸುಮ್ನಿರೇ. ಯಾರದಾದ್ರೂ ಹಲ್ಲು ಮುರಿದ್ರೆ ನೀನು ಕಟ್ಟಿಸ್ಕೊಡ್ತೀಯಾ?" ಎನ್ನುವನು ಅಜ್ಜ.

ಆದರೆ ಒಂದು ಮಾತು ಹೇಳಲೇಬೇಕು. ಆ ಗಂಜಿಯ ರುಚಿ ಇತ್ತಲ್ಲ, ಅದಕ್ಕೆ ಸಾಟಿಯಿರಲಿಲ್ಲ. ಉಪ್ಪು ಎಂದರೆ ಉಪ್ಪು, ಖಾರ ಎಂದರೆ ಖಾರ, ಒಂದು ಕಾಳು ಹೆಚ್ಚಿಲ್ಲ ಕಡಿಮೆಯಿಲ್ಲ. ಅಳತೆಯ ಚಮಚ ಮುಟ್ಟುತ್ತಿರಲಿಲ್ಲ, ಹಿಡಿ ತುಂಬಿ ಸುರಿದು ನಾಲಿಗೆಗೆ ಒಂದು ಹನಿ ಹಚ್ಚಿ ನೋಡುತ್ತಿದ್ದ. ಅವನಿಗೆ ಜಂಬ ಇದ್ದದ್ದು ಅದೊಂದರ ಮೇಲೆ. ನಾವೆಲ್ಲ "ಸೂಪರ್ ಅಜ್ಜಾ" ಎಂದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ನಿಮ್ಮ ನಾಲಿಗೇಲಿ ಪ್ರೀತಿ ಜಾಸ್ತಿ, ನ್ಯಾಯ ಕಮ್ಮಿ. ಅವಳು ಹೇಳ್ಲಿ" ಎಂದು ಕುರ್ಚಿಯ ಕಡೆ ನೋಡುತ್ತಿದ್ದ. ಅಜ್ಜಿ ಮೂವತ್ತು ವರ್ಷದಲ್ಲಿ ಒಂದು ದಿನವೂ ಹೊಗಳಲಿಲ್ಲ. ಗಂಜಿ ಎಂದು ಬೈದಳು, ದಂಡ ಎಂದು ಬೈದಳು, ಉಪ್ಪಿನ ವಿಷಯ ಬಂದಾಗ ಮಾತ್ರ ತುಟಿ ಪಿಟಕ್ಕೆನ್ನದೆ ಉಂಡು ಎದ್ದಳು. ಹೊಗಳಿಕೆಯೂ ಇಲ್ಲ, ಸುಳ್ಳೂ ಇಲ್ಲ. ಅದಕ್ಕೇ ಅವನಿಗೆ ಅವಳ ಬಾಯಿ ಬೇಕಿತ್ತು.

ಹೋದ ವರ್ಷಕ್ಕೆ ಮುಂಚಿನ ವರ್ಷ ಬೀದಿಗೆಲ್ಲ ಒಂದು ಜ್ವರ ಬಂತು. ಅಜ್ಜ ಅಜ್ಜಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ಬೈಯುತ್ತಾ ಹದಿನೈದು ದಿನದಲ್ಲಿ ಎದ್ದರು. ಅಜ್ಜಿಯ ಊಟ ಅರ್ಧಕ್ಕರ್ಧ ಇಳಿಯಿತು, ವಯಸ್ಸು ಎಂದುಕೊಂಡೆವು. ಅಜ್ಜ ಮಾತ್ರ ಎದ್ದವನೇ ಒಲೆಯ ಮುಂದೆ. ಅವನಿಗೆ ಆತುರವಿತ್ತು. ಪಲ್ಟನ್ನಿನಲ್ಲಿ ಅವನ ಕೂಡ ಇದ್ದವರಲ್ಲಿ ಉಳಿದ ಮುದುಕರೆಲ್ಲ ಕೊನೆಯದಾಗಿ ಒಂದು ಸಲ ಸೇರಬೇಕು, ಅದೂ ಅವನಿಗೆ ಎಂಬತ್ತೈದು ತುಂಬುವ ದಿನ ನಮ್ಮ ಅಂಗಳದಲ್ಲೇ ಸೇರಬೇಕು ಎಂದು ಮಾತಾಗಿತ್ತು. "ನಾನೇ ಬೇಯಿಸಿ ಹಾಕ್ತೀನಿ ಕಣ್ರೋ" ಎಂದು ಅಜ್ಜ ಫೋನಿನಲ್ಲಿ ಎಲ್ಲರಿಗೂ ಕೂಗಿ ಕೂಗಿ ಹೇಳಿದ್ದ. ಅವರಿಗೂ ಕಿವುಡು, ಇವನಿಗೂ ಕಿವುಡು, ಬೀದಿಗೆಲ್ಲ ಆಮಂತ್ರಣ.

ಆ ವಾರವೇ ಎಡವಟ್ಟು ಶುರುವಾಯಿತು. ಒಂದು ದಿನ ಬೇಳೆಗೆ ಉಪ್ಪೇ ಇಲ್ಲ. ಮರುದಿನ ಬಾಯಿಗಿಟ್ಟರೆ ಸಮುದ್ರ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗಿದೆ ಅಜ್ಜಾ" ಎಂದು ನುಂಗಿದೆವು. ದೊಡ್ಡಪ್ಪ ನುಂಗಲಿಲ್ಲ. ಅಜ್ಜನ ಹಿರಿಯ ಮಗ ಇವರು, ರಿಟೈರಾದ ಹೆಡ್‌ಮೇಷ್ಟ್ರು. ಮನೆಯವರನ್ನೆಲ್ಲ ಕೂರಿಸಿ ಮೀಟಿಂಗ್ ಮಾಡಿದರು.

"ಅಪ್ಪಾ, ಅಷ್ಟು ಜನ ದೂರದಿಂದ ಬರ್ತಾರೆ. ಅಡುಗೆಗೆ ಕಂಟ್ರಾಕ್ಟ್‌ನವರನ್ನ ಕರೆಸ್ತೀನಿ. ನಿಮ್ಮ ಕೈ ಕೆಟ್ಟಿದೆ."

ಅಜ್ಜ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟ. ಕೈ ಕೆಟ್ಟಿದೆ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಆಡಿರಲಿಲ್ಲ.

"ಇನ್ನೊಂದೇ ಒಂದು ಸಲ ತಪ್ಪಾದ್ರೆ ನಾನೇ ಸೌಟು ನಿನ್ನ ಕೈಗೆ ಕೊಟ್ಟು ಆಚೆ ಬರ್ತೀನಿ. ಮತ್ತೆ ಆ ಹೊಸ್ತಿಲು ತುಳಿಯಲ್ಲ. ಆಯ್ತಾ?" ಎಂದ.

ದೊಡ್ಡಪ್ಪ ಒಪ್ಪಿದರು. ಎಲ್ಲರೂ ಅಜ್ಜಿಯ ಕಡೆ ನೋಡಿದೆವು. ಮೂವತ್ತು ವರ್ಷ ಕಾದಿದ್ದ ಅಡುಗೆಮನೆ ಈಗ ಅವಳ ಒಂದು ಮಾತಿನ ದೂರದಲ್ಲಿತ್ತು.

ಮರುದಿನ ನನಗೆ ಬೆಳಗಿನ ಡ್ಯೂಟಿ. ಟೀ ಕುಡಿದು ಹೊರಡೋಣವೆಂದು ಹೋದರೆ, ಅಜ್ಜ ಒಲೆಯ ಪಕ್ಕ ನಿಂತು ಒಂದು ಅಂಗೈಯಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ ಇಟ್ಟುಕೊಂಡು ಒಂದಾದ ಮೇಲೊಂದು ನೆಕ್ಕುತ್ತಿದ್ದ. ನೆಕ್ಕಿ, ಯೋಚಿಸಿ, ಮತ್ತೆ ನೆಕ್ಕುತ್ತಿದ್ದ. ನನ್ನನ್ನು ಕಂಡು ಕೈ ಬೆನ್ನ ಹಿಂದೆ ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಮ್ಮದು.

"ಏನಜ್ಜಾ ಇದು?"

"ಎರಡೂ ಮರಳು ಕಣೇ" ಎಂದ. ದನಿ ಸಣ್ಣಗಿತ್ತು. "ಜ್ವರದಿಂದ ಎದ್ದಾಗಿನಿಂದ ಹಿಂಗೇ. ನಾಲಿಗೆ ಸತ್ತು ಕೂತಿದೆ. ಬಾಯಿಬಡುಕಿ, ಯಾರ ಹತ್ರಾನೂ ಬಾಯಿಬಿಡಬೇಡ. ಮುಖ್ಯವಾಗಿ ಆ ಕುರ್ಚಿಗೆ ಗೊತ್ತಾಗಬಾರದು."

"ಕುರ್ಚಿಗೆ ಕಿವಿ ಇದೆ" ಎಂದಿತು ಹಿಂದಿನಿಂದ ಒಂದು ದನಿ.

ಅಜ್ಜಿ ಹೊಸ್ತಿಲ ಆಚೆ ನಿಂತಿದ್ದಳು. ಮುಗಿಯಿತು ಕಥೆ ಎಂದುಕೊಂಡೆ. ಅಜ್ಜನ ಮುಖ ನೋಡಲಾಗಲಿಲ್ಲ, ಅಷ್ಟು ದೊಡ್ಡ ಮೀಸೆಯ ಹಿಂದೆ ಅಷ್ಟು ಸಣ್ಣ ಮುಖ. ಅಜ್ಜಿ ಕುರ್ಚಿಯ ಬೆನ್ನು ಹಿಡಿದಳು. ಕರ್ರೋ ಎಂದು ಎಳೆದಳು. ಮೂವತ್ತು ವರ್ಷದಿಂದ ಅಲುಗದ ಕುರ್ಚಿ ಹೊಸ್ತಿಲು ದಾಟಿ ಒಳಗೆ ಬಂತು, ಒಲೆಯ ಪಕ್ಕ ನಿಂತಿತು. ಅವಳು ಅದರಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

"ಏನ್ ನೋಡ್ತೀರಾ? ಬೇಳೆಗೆ ಉಪ್ಪು ಹಾಕಿಲ್ಲ, ಹಾಕಿ."

ಅಜ್ಜ ಹಾಕಿದ. "ಸಾಕು" ಎಂದಳು. ಬೆರಳದ್ದಿ ನೆಕ್ಕಿ, ಯಾವತ್ತಿನಂತೆ ಮುಖ ಸಿಂಡರಿಸಿ, "ಗಂಜಿ" ಎಂದಳು. ಆವತ್ತು ಮಧ್ಯಾಹ್ನದ ಊಟ ಹಳೆಯ ರುಚಿಗೆ ಬಂದಿತ್ತು. ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡು ಉಂಡು, ಅನುಮಾನದಿಂದ ಕೈ ತೊಳೆದರು.

ಅಲ್ಲಿಂದ ದಿನವೂ ಅದೇ ಆಟ. ಹೊರಗಿನಿಂದ ಕೇಳುವವರಿಗೆ ಅಡುಗೆಮನೆಯಲ್ಲಿ ಗಂಡ ಹೆಂಡಿರ ಜಗಳ. "ನಿಲ್ಸಿದ್ಯಾಕೆ? ಉಪ್ಪೇನು ನಿಮ್ಮಪ್ಪನ ಮನೆಯಿಂದ ತರ್ಬೇಕಾ? ಇನ್ನೊಂದಿಷ್ಟು ಬೀಳ್ಲಿ." "ಸಾಕು ಸಾಕು, ಕೈಗೆ ಬ್ರೇಕಿಲ್ವಾ?" ಪಕ್ಕದ ಮನೆಯಾಕೆ ನನ್ನನ್ನು ತಡೆದು, "ನಿಮ್ಮಜ್ಜಿ ಪಾಪ ಆ ಮುದುಕರ ಜೀವ ತಿಂತಾರಲ್ಲೇ" ಎಂದಳು. ನಾನು "ಏನ್ ಮಾಡೋದು ಅತ್ತೆ, ಹುಟ್ಟುಗುಣ" ಎಂದೆ. ಒಳಗೆ ನನಗೆ ಕುಣಿಯುವಷ್ಟು ಖುಷಿ.

ದೊಡ್ಡಪ್ಪ ಸುಮ್ಮನಿರುವ ಪೈಕಿ ಅಲ್ಲ. ಎಷ್ಟೋ ವರ್ಷ ಪರೀಕ್ಷೆಯಲ್ಲಿ ಕಾಪಿ ಹಿಡಿದ ಕಣ್ಣು. ಒಂದು ಸಂಜೆ ಅವರೇ ಟೀ ತಟ್ಟೆ ಹಿಡಿದು ಬಂದರು. ಈ ಮನುಷ್ಯ ತಮ್ಮ ಟೀಯನ್ನೇ ತಾವು ಎತ್ತಿಕೊಳ್ಳದವರು! ಅಪ್ಪನ ಮುಂದೆ ಲೋಟ ಇಟ್ಟು, "ಕುಡೀರಿ ಅಪ್ಪಾ, ಸಕ್ಕರೆ ಸರಿ ಇದೆಯಾ ನೋಡಿ" ಎಂದರು. ನಾನು ದೊಡ್ಡಮ್ಮನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಸಕ್ಕರೆ ಬದಲು ಉಪ್ಪು ಹಾಕಿದ್ದಾರೆ! ಅಜ್ಜ ಲೋಟ ಎತ್ತಿದ. ತುಟಿಯವರೆಗೆ ಹೋಗಿತ್ತು, ಅಷ್ಟರಲ್ಲಿ ಅಜ್ಜಿ ಚಕ್ಕನೆ ಕಿತ್ತುಕೊಂಡಳು.

"ಬೆಳಗಿಂದ ಎಷ್ಟು ಲೋಟ ಆಯ್ತು ನಿಮ್ಗೆ? ಡಾಕ್ಟ್ರು ಬೇಡ ಅಂದಿಲ್ವಾ?" ಎಂದವಳೇ ಅಷ್ಟನ್ನೂ ತಾನೇ ಕುಡಿದಳು. ನಿಧಾನವಾಗಿ, ಗುಟುಕು ಗುಟುಕಾಗಿ. ಹುಬ್ಬು ಕೂಡ ಅಲುಗಲಿಲ್ಲ. ಲೋಟ ಕೆಳಗಿಟ್ಟು ಮಗನಿಗೆ, "ನಿನ್ನ ಹೆಂಡ್ತಿ ಟೀ ಚೆನ್ನಾಗಿ ಮಾಡ್ತಾಳಪ್ಪ" ಎಂದಳು.

ದೊಡ್ಡಪ್ಪ ಇಂಗು ತಿಂದ ಮಂಗನ ಹಾಗೆ ನಿಂತರು. ನಾನು ಸ್ನಾನದ ಮನೆಗೆ ಓಡಿ ಬಾಗಿಲು ಹಾಕಿಕೊಂಡು ನಕ್ಕೆ. ಎಂಥಾ ಗಟ್ಟಿ ಹೆಂಗಸು! ಒಂದು ಲೋಟ ಉಪ್ಪುನೀರನ್ನು ಗಂಡನಿಗೋಸ್ಕರ ಅಮೃತದ ಹಾಗೆ ಕುಡಿದಳಲ್ಲ ಎಂದು ನನಗೆ ಅವಳ ಕಾಲು ಮುಟ್ಟಬೇಕೆನಿಸಿತು.

ಆ ದಿನ ಬಂತು. ಅಂಗಳದಲ್ಲಿ ಇಟ್ಟಿಗೆ ಒಲೆ, ಅದರ ಮೇಲೆ ಆ ಹಂಡೆ. ಪಕ್ಕದಲ್ಲಿ ಬೆತ್ತದ ಕುರ್ಚಿ. ನಾನು ರಜೆ ಹಾಕಿ ಈರುಳ್ಳಿ ಹೆಚ್ಚಲು, ಕಟ್ಟಿಗೆ ನೂಕಲು, ಬೈಸಿಕೊಳ್ಳಲು ನಿಂತಿದ್ದೆ. ಬೆಳಕು ಹರಿಯುವಾಗ ಒಲೆ ಹೊತ್ತಿತು. ಅಜ್ಜ ಹಳೆಯ ಸೈನ್ಯದ ಟೋಪಿ ಹಾಕಿಕೊಂಡಿದ್ದ. ದಿನದ ಎರಡು ಪಾತ್ರೆ ಬೇಳೆಯೇ ಬೇರೆ, ಇಷ್ಟು ದೊಡ್ಡ ಹಂಡೆಯೇ ಬೇರೆ. ಹಿಡಿ ತುಂಬ ಉಪ್ಪು ತೆಗೆದು ಹಂಡೆಯ ಮೇಲೆ ಹಿಡಿದು ನಿಂತುಬಿಟ್ಟ.

"ನನಗೆ ಆಗಲ್ಲ ಕಣೇ" ಎಂದ ಮೆಲ್ಲಗೆ. "ಅಷ್ಟು ಜನ. ಹೆಚ್ಚುಕಮ್ಮಿ ಆದ್ರೆ?"

"ಹೆಚ್ಚುಕಮ್ಮಿ ಆದ್ರೆ ಹೇಳೋಕೆ ನಾನಿಲ್ಲಿ ಕೂತಿಲ್ವಾ? ಇಷ್ಟು ವರ್ಷ ನಿಮ್ಮ ಒಂದು ತಪ್ಪಾದ್ರೂ ಬಿಟ್ಟಿದ್ದೀನಾ ನಾನು?" ಎಂದಳು ಅಜ್ಜಿ. "ಸುರೀರಿ."

ಸುರಿದ. "ಇನ್ನೊಂದು ಹಿಡಿ." ಸುರಿದ. "ಇನ್ನೊಂದು. ನಿಧಾನ. ಹಾಂ, ಸಾಕು." ಸೌಟಿನಿಂದ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ಯೋಚಿಸಿದಳು. "ಖಾರ ಬೀಳ್ಲಿ." ಬಿತ್ತು. ಘಾಟಿಗೆ ನಾನು ಗಂಟಲು ಹರಿಯುವಂತೆ ಕೆಮ್ಮಿದೆ. "ಸಾಕು" ಎಂದಳು.

ಬಂದರು ನೋಡಿ ಮುದುಕರು! ಒಬ್ಬನಿಗೆ ಕೋಲು, ಒಬ್ಬನಿಗೆ ಗಾಲಿಕುರ್ಚಿ, ಒಬ್ಬನಿಗೆ ಮಗಳ ಭುಜ. ಎಲ್ಲರಿಗಿಂತ ಹಿಂದೆ ಹಲ್ಲುಮುರುಕ. ಮುಂದಿನ ಹಲ್ಲೊಂದೇ ಏನು, ಈಗ ಬಾಯಲ್ಲಿ ಒಂದೂ ಉಳಿದಿರಲಿಲ್ಲ. "ಮೊದಲನೇದು ನೀನು ತೆಗೆದೆ, ಮಿಕ್ಕದ್ದು ಬೇಜಾರಾಗಿ ತಾವೇ ಹೋದ್ವು" ಎಂದು ಅಜ್ಜನನ್ನು ತಬ್ಬಿಕೊಂಡ.

ತಟ್ಟೆ ಬಡಿಸಿದ್ದಾಯಿತು. ದೊಡ್ಡಪ್ಪ ಗೇಟಿನ ಹತ್ತಿರ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಏಕೆಂದು ಆಮೇಲೆ ತಿಳಿಯಿತು. ಯಾವುದಕ್ಕೂ ಇರಲಿ ಎಂದು ಹೋಟೆಲಿನಿಂದ ಅಷ್ಟೂ ಜನರ ಊಟ ತರಿಸಿ ಎದುರಿನ ಗ್ಯಾರೇಜಿನಲ್ಲಿ ಬಚ್ಚಿಟ್ಟಿದ್ದರು. ಅಜ್ಜ ಹಂಡೆಯ ಪಕ್ಕ ಸೌಟು ಊರಿಕೊಂಡು ನೆಟ್ಟಗೆ ನಿಂತಿದ್ದ. ಹಲ್ಲುಮುರುಕ ಮೊದಲ ತುತ್ತು ಬಾಯಿಗಿಟ್ಟ. ವಸಡಿನಲ್ಲಿ ಆಡಿಸಿದ. ಅವನ ಗಲ್ಲ ನಿಂತಿತು.

"ಹವಾಲ್ದಾರ್" ಎಂದ. "ಇಷ್ಟು ಕಾಲ ಕಳೆದ್ರೂ ಬೇಳೆ ಬೇಯಿಸೋದು ಕಲೀಲಿಲ್ವಲ್ಲೋ! ಆಗ ಕಲ್ಲು ಹಾಕ್ದೆ, ಈಗ ನೀರು ಹಾಕಿದ್ದೀಯ. ಆದ್ರೆ ರುಚಿ ಇದೆಯಲ್ಲ..." ತಟ್ಟೆ ಮುಂದಕ್ಕೆ ಚಾಚಿದ. "ಇನ್ನೊಂದು ಸೌಟು ಹಾಕು, ಮಾರಾಯ."

ಅಂಗಳ ತುಂಬ ನಗು. ಸೌಟು ನಿಲ್ಲಲಿಲ್ಲ. ಉಣ್ಣುತ್ತಾ ಉಣ್ಣುತ್ತಾ ಮುದುಕರ ಬಾಯಿ ಬಿಚ್ಚಿಕೊಂಡಿತು. ಮೇಲಿನ ಬಂಕರಿಗೆ ಹೋಗುವ ದಾರಿಗೆ ಗುಂಡು ಬೀಳುತ್ತಿದ್ದ ದಿನಗಳಲ್ಲಿ ಅಜ್ಜ ಬಿಸಿ ಪಾತ್ರೆಗೆ ಕಂಬಳಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ಹೊಟ್ಟೆಯ ಮೇಲೆ ತೆವಳಿಕೊಂಡು ಊಟ ತಂದುಕೊಡುತ್ತಿದ್ದನಂತೆ. "ಬೇಡ ಕಣೋ ಅಂದ್ರೆ, ತಣ್ಣಗಾದ್ರೆ ರುಚಿ ಕೆಡುತ್ತೆ ಅಂತಿದ್ದ ಈ ಹುಚ್ಚ" ಎಂದ ಹಲ್ಲುಮುರುಕ. ನಾವು ಮನೆಯವರೆಲ್ಲ ಬಾಯಿ ಬಿಟ್ಟು ಅಜ್ಜನ ಕಡೆ ನೋಡಿದೆವು. "ಈರುಳ್ಳಿ ಹೆಚ್ಚಿದ್ದನ್ನೂ ಹೇಳೋ" ಎಂದು ಅಜ್ಜ ಇನ್ನೊಬ್ಬನ ತಟ್ಟೆಗೆ ಬಡಿಸಿದ. ಗ್ಯಾರೇಜಿನ ಊಟವನ್ನು ಗ್ಯಾರೇಜಿನ ಹುಡುಗರು ಪತ್ತೆ ಹಚ್ಚಿ ಅಷ್ಟು ಹೊತ್ತಿಗೆ ಅರ್ಧ ಮುಗಿಸಿದ್ದರು. ದೊಡ್ಡಪ್ಪನಿಗೆ ಕೈ ಎತ್ತಿ ಥ್ಯಾಂಕ್ಸ್ ಕೂಡ ಹೇಳಿದರು.

ಎಲ್ಲರೂ ಹೋದ ಮೇಲೆ ಅಜ್ಜ ಅಂಗಳದ ಕಟ್ಟೆಯ ಮೇಲೆ ಕೂತ. ಅಜ್ಜಿ ಹಂಡೆಯ ತಳ ನೋಡುತ್ತಿದ್ದಳು, ಏನೂ ಉಳಿದಿರಲಿಲ್ಲ.

"ಎಲ್ರೂ ಹೊಗಳಿದ್ರು. ಅವ್ರಿಗೆ ನನ್ನ ಮೇಲೆ ಪ್ರೀತಿ" ಎಂದ ಅಜ್ಜ. "ನೀನು ನಿಜ ಹೇಳು. ಹೆಂಗಿತ್ತು?"

ಅಜ್ಜಿ ಸೌಟು ಹಂಡೆಯೊಳಗೆ ಇಟ್ಟಳು. "ಬೇಳೆ ಗಂಜಿ" ಎಂದಳು. ಆಮೇಲೆ, "ಉಪ್ಪು ಸರಿ ಇತ್ತು" ಎಂದಳು.

ಅಯ್ಯೋ, ಆ ಮುಖ ನೀವು ನೋಡಬೇಕಿತ್ತು! ಸೈನ್ಯದವರು ಪದಕ ಕೊಟ್ಟಿದ್ದರೂ ಅವನು ಹಾಗೆ ನಗುತ್ತಿರಲಿಲ್ಲ. ಮುಂದಿನ ಒಂದು ವರ್ಷ ಪೋಸ್ಟ್‌ಮ್ಯಾನ್, ಗ್ಯಾಸಿನವನು, ಬಸ್‌ಸ್ಟಾಪಿನಲ್ಲಿ ನಿಂತ ಅಪರಿಚಿತರು, ಯಾರನ್ನೂ ಬಿಡಲಿಲ್ಲ. "ನಮ್ಮ ಮನೆಯವಳು ಉಪ್ಪು ಸರಿ ಇತ್ತು ಅಂದ್ಲು ಕಣಪ್ಪಾ. ಅವಳು ಸುಮ್ನೆ ಹೇಳೋಳಲ್ಲ." ಗ್ಯಾಸಿನವನು "ಒಳ್ಳೇದು ಸಾರ್" ಎಂದು ಸಿಲಿಂಡರ್ ಇಳಿಸಿದ.

ಆ ವರ್ಷವೆಲ್ಲ ಸೌಟು ಅವನ ಕೈಯಲ್ಲೇ ಇತ್ತು, ಕುರ್ಚಿ ಒಲೆಯ ಪಕ್ಕದಲ್ಲೇ ಇತ್ತು. ಒಂದು ಮಧ್ಯಾಹ್ನ ಉಂಡು, "ಸ್ವಲ್ಪ ಅಡ್ಡಾಗ್ತೀನಿ, ಸಂಜೆಗೆ ಕಾಳು ನೆನೆಹಾಕಿದ್ದೀನಿ" ಎಂದು ಮಲಗಿದವನು ಏಳಲಿಲ್ಲ. ಅಜ್ಜಿ ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು, ಮಾತಾಡಿಸಿದಳು, ದೊಡ್ಡಪ್ಪ ಹಸುಗೂಸಿನ ಹಾಗೆ ಅತ್ತಾಗ ಬೆನ್ನು ಸವರಿದಳು. ನನಗೆ ಅವಳ ಮೇಲೆ ಸಿಟ್ಟೇ ಬಂತು. ಒಂದು ತೊಟ್ಟು ನೀರು ಬೇಡವೇ ಕಣ್ಣಲ್ಲಿ, ಅಂಥ ಮನುಷ್ಯನಿಗೆ?

ನೆಂಟರೆಲ್ಲ ಹೊರಟುಹೋದ ಮೇಲೆ ಅವಳು ಅಡುಗೆಮನೆಗೆ ಹೋದಳು. ಅದು ಈಗ ಅವಳದು. ನಾನು ಡ್ಯೂಟಿ ಮುಗಿಸಿ ಬಂದಾಗ ತಟ್ಟೆ ಹಾಕಿ ಬಡಿಸಿದಳು. ಬೇಳೆ ಹದವಾಗಿ ಬೆಂದಿತ್ತು, ಕಾಳು ಕಾಳಾಗಿ, ಎಷ್ಟೋ ವರ್ಷದಿಂದ ನಾವು ಕಾಣದ ಹಾಗೆ. ಬಾಯಿಗಿಟ್ಟೆ. ಉಪ್ಪು ಹೊಡೆದು ಕಿವಿ ಮುಚ್ಚಿಹೋಯಿತು.

"ಅಜ್ಜೀ, ಉಪ್ಪು..."

"ಜಾಸ್ತಿನಾ, ಕಮ್ಮಿನಾ?" ಎಂದಳು. ಕೇಳಿದ ರೀತಿಯೇ ಬೇರೆ ಇತ್ತು. "ಹೇಳೇ. ನನಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂದ್ರೆ?"

"ಗೊತ್ತಾಗಲ್ಲ ಅಂದ್ರೆ ಗೊತ್ತಾಗಲ್ಲ. ಅದೇ ಜ್ವರ ನನಗೂ ಬಂದಿರ್ಲಿಲ್ವಾ? ಅವ್ರ ನಾಲಿಗೆ ಹೋದಾಗ್ಲೇ ನಂದೂ ಹೋಯ್ತು."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಮತ್ತೆ ಆ ಟೀ?"

"ಅದ್ರಲ್ಲಿ ಏನಿತ್ತೋ ನನಗೇನು ಗೊತ್ತು. ನಿನ್ನ ದೊಡ್ಡಪ್ಪನ ಕಳ್ಳಮುಖ ನೋಡಿ ಕಿತ್ಕೊಂಡೆ."

"ಹಂಡೆ ಮುಂದೆ ಕೂತು ಅಷ್ಟು ಧೈರ್ಯವಾಗಿ ಸಾಕು, ಇನ್ನೊಂದಿಷ್ಟು ಅಂದ್ಯಲ್ಲಜ್ಜಿ!"

"ಖಾರಕ್ಕೆ ನೀನು ಕೆಮ್ಮೋದು ಕಾದೆ. ಉಪ್ಪಿಗೆ ಅವರ ಕೈ ನೋಡ್ದೆ.  ತಪ್ಪು ಹಿಡಿಯೋಕೆ ಅಂತ ಮೂವತ್ತು ವರ್ಷ ಆ ಕೈಯನ್ನೇ ನೋಡಿದ್ದೀನಲ್ಲ. ಸಾಕು ಅನ್ನಿಸಿದಾಗ ಕೈ ತಾನಾಗೇ ಮಡಚ್ಕೊಳ್ಳೋದು, ಆಗ ನಾನು ಸಾಕು ಅಂತಿದ್ದೆ. ಇನ್ನೂ ಬೇಕಿದ್ರೆ ಬೆರಳು ತಡಕಾಡೋದು, ಆಗ ಇನ್ನೊಂದಿಷ್ಟು ಅಂತಿದ್ದೆ. ಅವ್ರಿಗೆ ತಮ್ಮ ಕೈ ಮೇಲೆ ನಂಬಿಕೆ ಹೋಗಿತ್ತು, ಸತ್ತ ನಾಲಿಗೆ ಮಾತು ಕೇಳಿ ಹೆಚ್ಚುಕಮ್ಮಿ ಮಾಡ್ಕೊಳ್ತಿದ್ರು. ನನ್ನ ಬಾಯಿ ಮೇಲೆ ಇತ್ತು. ಅವರ ಅಡುಗೆ ವಿಷಯದಲ್ಲಿ ನಾನು ಯಾವತ್ತೂ ಸುಳ್ಳು ಹೇಳಿರ್ಲಿಲ್ವಲ್ಲ, ಅದಕ್ಕೆ."

ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ, ಕೇಳಲೋ ಬೇಡವೋ ಎಂಬ ಹಾಗೆ, ಆ ಬಜಾರಿ ಹೆಂಗಸು ನನ್ನನ್ನು ಕೇಳಿದಳು:

"ಆವತ್ತು ಉಪ್ಪು ಸರಿ ಇತ್ತು ಅಂದ್ಬಿಟ್ಟೆ. ನಿಜವಾಗ್ಲೂ ಸರಿ ಇತ್ತೇನೇ?"

"ಸರಿ ಇತ್ತಜ್ಜಿ. ಒಂದು ಕಾಳು ಹೆಚ್ಚಿರ್ಲಿಲ್ಲ, ಕಮ್ಮಿ ಇರ್ಲಿಲ್ಲ."

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಅಜ್ಜನಾಣೆ."

ಅವಳು ಗೋಡೆಗೆ ಒರಗಿದಳು. "ಹಂಗಾದ್ರೆ ಅವ್ರ ಕೈ ಕೆಟ್ಟಿರ್ಲಿಲ್ಲ" ಎಂದಳು. "ಕೊನೇವರೆಗೂ ಕೆಟ್ಟಿರ್ಲಿಲ್ಲ. ಅವ್ರೇ ಮಾಡಿದ್ದು ಅದು, ಪೂರ್ತಿ ಅವ್ರೇ. ನಾನು ಬರೀ ಬೊಗಳ್ತಾ ಕೂತಿದ್ದೆ. ಅಯ್ಯೋ, ಇದನ್ನ ಅವ್ರಿಗೆ ಹೇಳ್ಬೇಕಿತ್ತು ಕಣೇ."

ಆಗ ಅತ್ತಳು. ನಾನು ಎಂಜಲು ಕೈಯಲ್ಲೇ ಅವಳನ್ನು ತಬ್ಬಿಕೊಂಡು ಕೂತೆ.